ಕಡೂರಿನ ಕೆಮ್ಮು, ಬೆಂಗಳೂರಿನ ಟ್ಯೂಬು

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಕಿದ್ವಾಯಿ ಎಂದರೆ ಆಸ್ಪತ್ರೆಯ ಹೆಸರು ಮಾತ್ರವಲ್ಲ, ಕಾಯಿಲೆಯ ಹೆಸರೂ ಹೌದು. ‘ಅವರ ಮಾವನ್ನ ಕಿದ್ವಾಯಿಗೆ ಕರ್ಕೊಂಡು ಹೋಗಿದ್ರಂತೆ’ ಎಂದು ಯಾರಾದರೂ ದನಿ ತಗ್ಗಿಸಿದರೆ ಸಾಕು, ಮುಂದಿನದನ್ನು ಯಾರೂ ಕೇಳುವುದಿಲ್ಲ. ಕ್ಯಾನ್ಸರ್ ಎಂಬ ಪದ ಬಾಯಿಗೆ ಬರದೆಯೇ ಮಾತು ಮುಗಿದಿರುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆಯೊಂದು ಇನ್ನೂರು ಕಿಲೋಮೀಟರಿಗೂ ದೂರದ ಬಯಲುಸೀಮೆಯ ಆಡುಮಾತಿನಲ್ಲಿ ಹೀಗೆ ಬೇರೂರಿದೆ.

ಆ ಆಡುಮಾತಿಗೆ ಈಚೆಗೆ ಇನ್ನೊಂದು ಸೇರಿಕೊಳ್ಳುತ್ತಿದೆ: ‘ಈಗ ರಕ್ತದಲ್ಲೇ ಗೊತ್ತಾಗುತ್ತಂತೆ, ತುಂಡು ತೆಗೆಯೋದು ಬೇಡವಂತೆ.’

ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದರಲ್ಲಿ ತೊಂದರೆ ಇರುವುದು. ಬಯಾಪ್ಸಿ ಎಂದರೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಹೆದರಿಕೆ ಇದೆ. ಗಡ್ಡೆಗೆ ಸೂಜಿ ಚುಚ್ಚಿದರೆ, ಗಾಳಿ ತಾಗಿದರೆ ಅದು ಮೈಯೆಲ್ಲ ಹರಡುತ್ತದೆ ಎಂದು ನಂಬಿ ವಾಪಸು ಬಂದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅಂಥವರ ಕಿವಿಗೆ ‘ರಕ್ತ ಕೊಟ್ಟರೆ ಸಾಕು’ ಎಂಬ ಮಾತು ಬಿದ್ದರೆ ಅದು ವಿಜ್ಞಾನವಾಗಿ ಕೇಳಿಸುವುದಿಲ್ಲ, ಬಿಡುಗಡೆಯಾಗಿ ಕೇಳಿಸುತ್ತದೆ. ಆದ್ದರಿಂದ ಈ ಪರೀಕ್ಷೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಅದರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಇನ್ನೂ ಸಣ್ಣದಾಗಿರುವಾಗ, ಆಪರೇಷನ್ ಮಾಡಿ ತೆಗೆಯಬಹುದಾದ ಹಂತದಲ್ಲಿರುವಾಗ.

ಮನುಷ್ಯನ ರಕ್ತದ ನೀರಿನಂಥ ಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಡಿಎನ್‌ಎ ಚೂರುಗಳು ತೇಲಾಡುತ್ತವೆ ಎಂದು 1948ರಷ್ಟು ಹಿಂದೆಯೇ ಫ್ರಾನ್ಸಿನ ಇಬ್ಬರು ಸಂಶೋಧಕರು, ಮ್ಯಾಂಡೆಲ್ ಮತ್ತು ಮೆಟೆ, ಬರೆದಿದ್ದರು. ಸತ್ತ ಜೀವಕೋಶಗಳು ಬಿಟ್ಟುಹೋದ ಚೂರುಗಳಿವು. 1977ರಲ್ಲಿ ಕ್ಯಾನ್ಸರ್ ರೋಗಿಗಳಲ್ಲಿ ಇವು ಹೆಚ್ಚಿರುತ್ತವೆ ಎಂದು ಗೊತ್ತಾಯಿತು. 1997ರಲ್ಲಿ ಡೆನ್ನಿಸ್ ಲೋ ಮತ್ತು ಜೊತೆಗಾರರು ಗರ್ಭಿಣಿಯ ರಕ್ತದಲ್ಲಿ ಹೊಟ್ಟೆಯೊಳಗಿನ ಮಗುವಿನ ಡಿಎನ್‌ಎ ತೋರಿಸಿದರು. ಇವತ್ತು ಚಿಕ್ಕಮಗಳೂರು, ಶಿವಮೊಗ್ಗದಂಥ ಊರುಗಳ ಗರ್ಭಿಣಿಯರಿಗೂ ವೈದ್ಯರು ಬರೆದುಕೊಡುವ ಎನ್‌ಐಪಿಟಿ ಎಂಬ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. ಅದಕ್ಕೊಂದು ವಿಚಿತ್ರ ಉಪಕಥೆಯೂ ಇದೆ. 2015ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಸವಾ ಲಕ್ಷ ಗರ್ಭಿಣಿಯರ ಮಾದರಿಗಳ ನಡುವೆ ಫಲಿತಾಂಶ ಎಡವಟ್ಟಾಗಿ ಬಂದ ಕೆಲವರನ್ನು ಹಿಂಬಾಲಿಸಿದಾಗ ಹತ್ತು ಜನ ತಾಯಂದಿರಿಗೇ ಕ್ಯಾನ್ಸರ್ ಇದ್ದದ್ದು ಹೊರಬಿತ್ತು. ಮಗುವನ್ನು ಹುಡುಕಲು ಹೋದವರ ಕೈಗೆ ಗಡ್ಡೆಯ ಸುಳಿವು ಸಿಕ್ಕಿತ್ತು.

ಹಾಗಾದರೆ ಸಣ್ಣ ಗಡ್ಡೆಯನ್ನೂ ಹೀಗೆ ಹಿಡಿಯಬಹುದಲ್ಲ? ಇಲ್ಲಿ ಅಜ್ಜಂಪುರದ ಈರುಳ್ಳಿ ವ್ಯಾಪಾರಿಯ ಬುದ್ಧಿ ಬೇಕಾಗುತ್ತದೆ.

ಹತ್ತು ಮಿಲಿಲೀಟರ್ ರಕ್ತ ತೆಗೆದರೆ ಸಿಗುವುದು ನಾಲ್ಕೈದು ಮಿಲಿಲೀಟರ್ ಪ್ಲಾಸ್ಮಾ. ಅದರಲ್ಲಿರುವ ಡಿಎನ್‌ಎ ಎಲ್ಲವನ್ನೂ ಒಟ್ಟುಗೂಡಿಸಿದರೆ ಮನುಷ್ಯನ ವಂಶವಾಹಿ ಪುಸ್ತಕದ ಸುಮಾರು ಆರು ಸಾವಿರ ಪ್ರತಿಗಳಷ್ಟು ಆದೀತು. ಬಹುಪಾಲು ಎಲ್ಲವೂ ಆರೋಗ್ಯವಂತ ಜೀವಕೋಶಗಳದ್ದೇ. ಬ್ರಿಟನ್ನಿನ ಟ್ರೇಸರ್‌ಎಕ್ಸ್ ಅಧ್ಯಯನದವರು 2017ರಲ್ಲಿ ಲೆಕ್ಕ ಕೊಟ್ಟಂತೆ, ಹತ್ತು ಘನ ಸೆಂಟಿಮೀಟರ್ ಗಾತ್ರದ ಗಡ್ಡೆ, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ನಿಂಬೆಹಣ್ಣು, ಎದೆಯಲ್ಲಿ ಕೂತಿದ್ದರೆ ರಕ್ತದಲ್ಲಿ ಅದರ ಪಾಲು ಸಾವಿರಕ್ಕೆ ಒಂದು. ಆ ನಿಂಬೆಹಣ್ಣನ್ನು ಸರ್ಜನ್ ತೆಗೆದು ಹಾಕಿದ ಮೇಲೆ ಎಲ್ಲೋ ಉಳಿದಿರಬಹುದಾದ ಕಾಳಿನಷ್ಟು ರೋಗದ ಪಾಲು ಹತ್ತು ಸಾವಿರಕ್ಕೆ ಒಂದೋ, ಲಕ್ಷಕ್ಕೆ ಒಂದೋ. ಟ್ಯೂಬಿನಲ್ಲಿ ಇರುವುದೇ ಆರು ಸಾವಿರ. ಹತ್ತು ಸಾವಿರದಲ್ಲಿ ಒಂದನ್ನು ಆರು ಸಾವಿರದೊಳಗೆ ಹುಡುಕಿದರೆ ಸಿಗಲೂಬಹುದು, ಸಿಗದೆಯೂ ಇರಬಹುದು. ಯಶವಂತಪುರದ ಮಂಡಿಯಲ್ಲಿ ಒಂದು ಚೀಲ ಬಿಚ್ಚಿ ನೋಡಿ, ಕೊಳೆತದ್ದು ಕಾಣಲಿಲ್ಲವೆಂದು ಇಡೀ ಲಾರಿಯ ಮಾಲಿಗೆ ಯಾರೂ ಕಣ್ಣು ಮುಚ್ಚಿ ರೇಟು ಕಟ್ಟುವುದಿಲ್ಲ.

ತಂತ್ರಜ್ಞರು ಸುಮ್ಮನೆ ಕೂತಿಲ್ಲ. ಒಂದೇ ಗುರುತು ಹುಡುಕುವ ಬದಲು, ತೆಗೆದ ಗಡ್ಡೆಯ ಡಿಎನ್‌ಎಯನ್ನು ಮೊದಲು ಪೂರ್ತಿ ಓದಿ, ಆ ರೋಗಿಯ ಗಡ್ಡೆಗೆ ಮಾತ್ರ ಸೇರಿದ ನೂರಾರು, ಸಾವಿರಾರು ಗುರುತುಗಳ ಪಟ್ಟಿ ಮಾಡಿಕೊಂಡು ರಕ್ತದಲ್ಲಿ ಎಲ್ಲವನ್ನೂ ಒಟ್ಟಿಗೆ ಹುಡುಕುತ್ತಾರೆ. ಎಂಟು ವರ್ಷಗಳಲ್ಲಿ ಆದ ವ್ಯತ್ಯಾಸ ಬೆರಗು ಹುಟ್ಟಿಸುವಂಥದ್ದು. 2017ರಲ್ಲಿ ಟ್ರೇಸರ್‌ಎಕ್ಸ್ ತಂಡ ಆಪರೇಷನ್‌ಗೆ ಮುಂಚೆ 96 ಜನರ ರಕ್ತ ನೋಡಿದಾಗ ಗಡ್ಡೆಯ ಡಿಎನ್‌ಎ ಸಿಕ್ಕಿದ್ದು 46 ಜನರಲ್ಲಿ. ಅಡಿನೋಕಾರ್ಸಿನೋಮ ಎಂಬ ಬಗೆಯಲ್ಲಂತೂ ನೂರಕ್ಕೆ 19 ಮಾತ್ರ. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಬಗೆ ಇದು. ಅದೇ ಅಧ್ಯಯನದ ರೋಗಿಗಳಲ್ಲಿ ಹೊಸ ವಿಧಾನದಿಂದ, ಸುಮಾರು 1,800 ಗುರುತುಗಳನ್ನು ಹಿಂಬಾಲಿಸಿ ನೋಡಿದ ಫಲಿತಾಂಶ 2025ರಲ್ಲಿ ಬಂತು: ಅಡಿನೋಕಾರ್ಸಿನೋಮದಲ್ಲಿ ನೂರಕ್ಕೆ 81, ಅದರದೇ ಮೊದಲ ಹಂತದ ಗಡ್ಡೆಗಳಲ್ಲಿಯೂ ನೂರಕ್ಕೆ 53.

ಇಲ್ಲೊಂದು ಸೂಕ್ಷ್ಮ ಇದೆ. ಗುರುತುಗಳ ಪಟ್ಟಿ ಬೇಕಾದರೆ ಗಡ್ಡೆಯ ತುಂಡು ಬೇಕು. ತುಂಡು ತೆಗೆಯುವುದು ಬೇಡ ಎಂದು ಊರಲ್ಲಿ ಹಬ್ಬಿರುವ ಪರೀಕ್ಷೆಯ ಅತ್ಯುತ್ತಮ ರೂಪ ನಿಂತಿರುವುದೇ ತುಂಡಿನ ಮೇಲೆ!

ಗಡ್ಡೆಗೆ ಚಿಕಿತ್ಸೆ ಮುಗಿದ ಮೇಲೆ ಏನು? ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲೇ ತೋರಿಸಿದಂತೆ, ರೋಗ ಮರುಕಳಿಸಿದವರಲ್ಲಿ ಬಹಳ ಮಂದಿಯ ರಕ್ತ ಸ್ಕ್ಯಾನಿಗಿಂತ ಸರಾಸರಿ ಐದು ತಿಂಗಳು ಮೊದಲೇ ಸುಳಿವು ಕೊಟ್ಟಿತ್ತು. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಸಿಕ್ಕಿತು ಎಂದರೆ ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಸಿಗಲಿಲ್ಲ ಎಂಬುದರ ತೂಕ ಬೇರೆ. ಟ್ರೇಸರ್‌ಎಕ್ಸ್‌ನ 2023ರ ವರದಿಯಲ್ಲಿ ಈ ಇಡೀ ಚರ್ಚೆಯ ಅತಿ ಮುಖ್ಯ ಅಂಕಿ ಇದೆ. ಆಪರೇಷನ್ ಆಗಿ 120 ದಿನಗಳೊಳಗೆ ರಕ್ತ ನೋಡಿದಾಗ, ಮುಂದೆ ಯಾರಿಗೆ ರೋಗ ಮರಳಿತೋ ಅವರಲ್ಲಿ ಗಡ್ಡೆಯ ಡಿಎನ್‌ಎ ಕಾಣಿಸಿದ್ದು ನೂರಕ್ಕೆ 49 ಜನರಲ್ಲಿ. ಉಳಿದ ಅರ್ಧದಷ್ಟು ಜನರ ಕೈಗೆ ಆ ಹೊತ್ತಿನಲ್ಲಿ ರಿಪೋರ್ಟು ಕೊಟ್ಟಿದ್ದರೆ ಅದರಲ್ಲಿ ‘ನೆಗೆಟಿವ್’ ಎಂದೇ ಇರುತ್ತಿತ್ತು. ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಮತ್ತೆ ನೋಡಿದಾಗ ಇನ್ನಷ್ಟು ಜನ ಸಿಕ್ಕರು. ಒಂದು ಸಲದ ನೆಗೆಟಿವ್ ರಿಪೋರ್ಟು ಹೆಂಡತಿ ಮಕ್ಕಳಿಗೆ ಸಿಹಿ ಹಂಚುವ ರಿಪೋರ್ಟಲ್ಲ.

ಕೊರೋನಾ ಕಾಲದಿಂದ ‘ನೆಗೆಟಿವ್’ ಪದಕ್ಕೆ ಕನ್ನಡದಲ್ಲಿ ಒಂದೇ ಅರ್ಥ ನಿಂತುಬಿಟ್ಟಿದೆ: ಏನೂ ಇಲ್ಲ, ಮನೆಗೆ ಹೋಗಬಹುದು. ಅದೇ ಪದವನ್ನು ಈ ರಿಪೋರ್ಟಿನಲ್ಲಿಯೂ ಅಚ್ಚು ಹಾಕಿದರೆ, ಬಿತ್ತನೆಯ ಹೊತ್ತಿಗೋ ಕೊಯ್ಲಿನ ಹೊತ್ತಿಗೋ ಸರಿಯಾಗಿ ಬರುವ ಆರು ತಿಂಗಳ ಸಿಟಿ ಸ್ಕ್ಯಾನನ್ನು ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆ ನೆಪ ಬೇಕಿಲ್ಲ. ‘ಈ ಟ್ಯೂಬಿನಲ್ಲಿ ಕಾಣಿಸಲಿಲ್ಲ, ಸ್ಕ್ಯಾನ್ ಬಿಡಬೇಡಿ’ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಲು ಯಾವ ಲ್ಯಾಬಿಗೂ ದೊಡ್ಡ ಖರ್ಚು ಬೀಳದು.

ಪಾಸಿಟಿವ್ ಬಂದರೂ ದಾರಿ ನಿಚ್ಚಳವಾಗಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದೆ. ಆಸ್ಟ್ರೇಲಿಯಾದ ಡೈನಮಿಕ್ ಎಂಬ ಪ್ರಯೋಗದಲ್ಲಿ, ಎರಡನೇ ಹಂತದ 455 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತದ ಡಿಎನ್‌ಎ ನೋಡಿಯೇ ಕೀಮೋ ಬೇಕೋ ಬೇಡವೋ ತೀರ್ಮಾನಿಸಿದರು. ಕೀಮೋ ಪಡೆದವರ ಪ್ರಮಾಣ ನೂರಕ್ಕೆ 28ರಿಂದ 15ಕ್ಕೆ ಇಳಿಯಿತು. ಎರಡು ವರ್ಷದ ಫಲಿತಾಂಶದಲ್ಲಿ ನಷ್ಟವೇನೂ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಈ ಪ್ರಯೋಗ ಒಂದು ಮಾದರಿ. ಶ್ವಾಸಕೋಶಕ್ಕೆ ಇಂಥ ಗಟ್ಟಿ ಪುರಾವೆ ಇನ್ನೂ ಕೈಗೆ ಬಂದಿಲ್ಲ. ರಕ್ತ ಐದು ತಿಂಗಳು ಮುಂಚೆ ಎಚ್ಚರಿಸಿತು, ಸರಿ. ಐದು ತಿಂಗಳು ಮುಂಚೆ ಔಷಧಿ ಶುರು ಮಾಡಿದ್ದರಿಂದ ರೋಗಿ ಹೆಚ್ಚು ಕಾಲ ಬದುಕಿದನೇ ಎಂಬುದು ಸಾಬೀತಾಗಬೇಕು. ಅದಿಲ್ಲದೆ ಹೋದರೆ ಐದು ತಿಂಗಳು ಮೊದಲೇ ನಿದ್ದೆ ಕೆಡಿಸಿಕೊಂಡದ್ದಷ್ಟೇ ಲಾಭ.

ಈಗ ಕಡೂರಿಗೆ ಬರೋಣ. ಈ ಪರೀಕ್ಷೆ ಕೇಳುವ ಪ್ರಶ್ನೆ ‘ಆಪರೇಷನ್ ಆದ ಮೇಲೆ ಏನಾದರೂ ಉಳಿದಿದೆಯೇ?’ ಎಂಬುದು. ಆ ಪ್ರಶ್ನೆ ಕೇಳಿಸಿಕೊಳ್ಳುವ ಭಾಗ್ಯ ಎಷ್ಟು ಜನರಿಗಿದೆ? ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗುವವರಲ್ಲಿ ಬಹುಪಾಲು ಜನ ಮೂರನೇ, ನಾಲ್ಕನೇ ಹಂತ ತಲುಪಿರುತ್ತಾರೆ. ಆಪರೇಷನ್ ಕೋಣೆಯ ಬಾಗಿಲು ಅವರ ಪಾಲಿಗೆ ಮುಚ್ಚಿರುತ್ತದೆ.

ದಾರಿ ತಪ್ಪುವುದು ಎಲ್ಲಿ ಎಂದು ಈ ಸೀಮೆಯ ವೈದ್ಯರಿಗೆಲ್ಲ ಗೊತ್ತು. ಯಗಟಿಯ ಕಡೆಯ ಐವತ್ತೈದರ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಇಂಥವರು ಒಬ್ಬರಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತೆಂಗಿನ ಗರಿ, ಮಟ್ಟೆ, ಚಿಪ್ಪು ಹಾಕಿ ಬಚ್ಚಲ ಹಂಡೆಗೆ ಉರಿ ಹಾಕಿದವರು. ಅಡಿಗೆ ಮನೆಗೆ ಗ್ಯಾಸು ಬಂದು ವರ್ಷಗಳಾದರೂ ಬಚ್ಚಲ ಒಲೆಗೆ ಹೊಗೆಯೇ ಗತಿ. ತರೀಕೆರೆ ಕಡೆಯಾದರೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೇರೆ. ಕೆಮ್ಮು ಶುರುವಾಗುತ್ತದೆ. ಹೊಗೆ ಕೆಮ್ಮು ಎಂದು ಒಂದು ತಿಂಗಳು. ಮೆಡಿಕಲ್ ಶಾಪಿನ ಸಿರಪ್ಪಿನಲ್ಲಿ ಇನ್ನೊಂದು ತಿಂಗಳು. ಆಮೇಲೆ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಒಂದು ಬಿಳಿ ಮಚ್ಚೆ. ಕ್ಷಯ ಇಷ್ಟೊಂದು ಇರುವ ದೇಶದಲ್ಲಿ ಬಿಳಿ ಮಚ್ಚೆಗೆ ಮೊದಲು ಬರುವ ಹೆಸರು ಟಿಬಿ. ಕಫದಲ್ಲಿ ರೋಗಾಣು ಸಿಗದಿದ್ದರೂ ‘ನೋಡೋಣ’ ಎಂದು ಟಿಬಿ ಮಾತ್ರೆ. ಎರಡು ತಿಂಗಳಾದರೂ ತೂಕ ಇಳಿಯುತ್ತಲೇ ಇದ್ದರೆ, ಕಫದಲ್ಲಿ ರಕ್ತದ ಗೆರೆ ಕಂಡರೆ, ಆಗ ಸಿಟಿ ಸ್ಕ್ಯಾನಿಗೆಂದು ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ. ಅಲ್ಲಿಂದ ಮುಂದೆ ಕಿದ್ವಾಯಿ. ಅಷ್ಟು ಹೊತ್ತಿಗೆ ನಿಂಬೆಹಣ್ಣಾಗಿದ್ದದ್ದು ಬೇರೆ ಜಾಗಗಳಿಗೂ ಬೀಜ ಉದುರಿಸಿರುತ್ತದೆ.

ಇದರಲ್ಲಿ ಯಾವ ಒಬ್ಬ ವೈದ್ಯರನ್ನೂ ದೂರುವುದಕ್ಕಿಲ್ಲ. ಟಿಬಿ ಔಷಧಿ ಉಚಿತ, ಹತ್ತಿರ, ಕೈಗೆಟಕುವಂಥದ್ದು. ಸಿಟಿ ಸ್ಕ್ಯಾನು ದೂರ. ಯಾರಾದರೂ ಹತ್ತಿರದ್ದನ್ನೇ ಮೊದಲು ಹಿಡಿಯುತ್ತಾರೆ. ಆದರೆ ಕಫದಲ್ಲಿ ರೋಗಾಣು ಸಿಗದೆ ಟಿಬಿ ಚಿಕಿತ್ಸೆ ಶುರುವಾದ ಪ್ರತಿಯೊಬ್ಬರಿಗೂ, ನಲವತ್ತು ದಾಟಿದ್ದರೆ, ಎರಡು ತಿಂಗಳೊಳಗೆ ಎದೆಯ ಸಿಟಿ ಆಗಲೇಬೇಕು ಎಂಬ ಒಂದು ನಿಯಮ ಜಿಲ್ಲೆಯ ಮಟ್ಟದಲ್ಲಿ ಜಾರಿಯಾದರೆ, ಯಾವ ಡಿಎನ್‌ಎ ಪರೀಕ್ಷೆಯೂ ಉಳಿಸದಷ್ಟು ಜೀವ ಅದು ಉಳಿಸೀತು. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಶ್ವಾಸಕೋಶ ಕ್ಯಾನ್ಸರ್ ಸಾವನ್ನು ಶೇಕಡ 20ರಷ್ಟು ತಗ್ಗಿಸಿತ್ತು. ಟಿಬಿ ಕಲೆಗಳು ತುಂಬಿದ ನಮ್ಮ ಎದೆಗಳಿಗೆ ಅದನ್ನು ಹಾಗೇ ತಂದು ಹೊಂದಿಸಲಾಗದು, ನಿಜ. ಆದರೆ ಸಾವು ಕಡಿಮೆ ಮಾಡಿದ್ದು ಯಾವುದು ಎಂಬುದಂತೂ ಸ್ಪಷ್ಟ.

ರೋಗವೇ ಇಲ್ಲದವರನ್ನು ರಕ್ತದಿಂದ ಸೋಸಿ ನೋಡುವ ಪರೀಕ್ಷೆಗಳು ಬೇರೆಯ ಜಾತಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ, ಈಗ ರಿಲಯನ್ಸ್ ಒಡೆತನದಲ್ಲಿರುವ ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಇಂಥದೊಂದನ್ನು ಹೊರತಂದಿತು. ಇಂಥ ತಂತ್ರಜ್ಞಾನ ನಮ್ಮ ರಾಜ್ಯದಲ್ಲೇ ಹುಟ್ಟುತ್ತಿರುವುದು ಹೆಮ್ಮೆಯ ಸಂಗತಿ. ಆದರೆ ಈ ಜಾತಿಯ ಪರೀಕ್ಷೆಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರಾದ ಅಮೆರಿಕದ ಗ್ಯಾಲೆರಿಯ 2021ರ ವರದಿ ನೋಡಿದರೆ ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನೂ ಸೇರಿಸಿ ಮೊದಲ ಹಂತದಲ್ಲಿ ಅದು ಹಿಡಿದದ್ದು ನೂರಕ್ಕೆ 16.8. ನಾಲ್ಕನೇ ಹಂತದಲ್ಲಿ 90. ಬೇಗ ಹಿಡಿಯಬೇಕಾದ ಕಡೆ ಕೈ ಜಾರುತ್ತದೆ, ತಡವಾದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಅಡಿಕೆಗೆ ರೇಟು ಬಂದ ವರ್ಷ ಕಾರು, ಟ್ರ್ಯಾಕ್ಟರಿನ ಜೊತೆಗೆ ‘ಮಾಸ್ಟರ್ ಚೆಕಪ್ಪಿ’ಗೂ ದುಡ್ಡು ಎತ್ತಿಡುವವರು ಈ ಎರಡು ಅಂಕಿಗಳನ್ನು ಜೇಬಿನಲ್ಲಿಟ್ಟುಕೊಂಡಿರಲಿ.

ಹಾಗೆಂದು ರಕ್ತದ ಡಿಎನ್‌ಎ ಪರೀಕ್ಷೆ ಕಡೂರಿಗೆ ಬೇಡವೇ? ಬೇಕು. ಸರಿಯಾದ ಬಾಗಿಲಿನಿಂದ ಬರಬೇಕು.

ಮೊದಲ ಬಾಗಿಲು ಔಷಧಿ ಆರಿಸುವ ಕೆಲಸ. ನಮ್ಮ ದೇಶದ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಇಜಿಎಫ್‌ಆರ್ ಎಂಬ ವಂಶವಾಹಿಯಲ್ಲಿ ಬದಲಾವಣೆ ಇರುತ್ತದೆ. ಅಂಥವರ ಗಡ್ಡೆ ತೆಗೆದ ಮೇಲೆ ಒಸಿಮರ್ಟಿನಿಬ್ ಮಾತ್ರೆಯನ್ನು ಮೂರು ವರ್ಷ ಕೊಟ್ಟ ಅಡೋರಾ ಪ್ರಯೋಗದಲ್ಲಿ, ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 88. ಮಾತ್ರೆ ಸಿಗದ ಗುಂಪಿನಲ್ಲಿ 78. ಆರಂಭದ ಹಂತದಲ್ಲಿ ಜೀವ ಉಳಿಸಿದ್ದು ಖಚಿತವಾಗಿ ಗೊತ್ತಿರುವ ಡಿಎನ್‌ಎ ಪರೀಕ್ಷೆ ಎಂದರೆ ಇದು. ಇದಕ್ಕೆ ಬೇಕಾದದ್ದು ಸರ್ಜನ್ ತೆಗೆದ ಗಡ್ಡೆಯದೇ ಒಂದು ಚೂರು. ರಕ್ತವೂ ಬೇಡ. ತುಂಡು ಸಾಲದಾದಾಗ, ಎರಡನೇ ಸಲ ಸೂಜಿ ಹಾಕಲು ರೋಗಿಯ ಉಸಿರು ತಡೆಯದಾದಾಗ ರಕ್ತ ನೆರವಿಗೆ ಬರುತ್ತದೆ. ಅಮೆರಿಕ 2016ರಲ್ಲಿ ಮೊದಲ ಬಾರಿಗೆ ಇಂಥ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ಇದೇ ಇಜಿಎಫ್‌ಆರ್‌ಗೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2025ರಲ್ಲಿ ಶ್ವಾಸಕೋಶ ಕ್ಯಾನ್ಸರ್ ಶಂಕೆಯಿರುವ ರೋಗಿಗಳಿಗೆ ಮೊದಲು ರಕ್ತ ಪರೀಕ್ಷೆ ಎಂಬ ಪದ್ಧತಿ ತಂದದ್ದೂ ಔಷಧಿಯನ್ನು ಬೇಗ ಆರಿಸಲಿಕ್ಕೆ.

ದುಡ್ಡಿನ ಮಾತು ಬರದೆ ಇದು ಮುಗಿಯುವುದಿಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಮೇಲಿನ ಆಮದು ಸುಂಕ ತೆಗೆದರು. ಆದರೂ ಮೂರು ವರ್ಷದ ಮಾತ್ರೆ ಎರಡೆಕರೆ ತೋಟದ ಕುಟುಂಬದ ಲೆಕ್ಕಕ್ಕೆ ನಿಲುಕುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಆಪರೇಷನ್ನು, ಕೀಮೋ, ಊರಿನವರು ‘ಕರೆಂಟು ಕೊಡೋದು’ ಎನ್ನುವ ವಿಕಿರಣ ಎಲ್ಲ ನಡೆಯುತ್ತವೆ. ರಕ್ತದ ಡಿಎನ್‌ಎ ಪರೀಕ್ಷೆಯ ಬಿಲ್ಲು ಮಾತ್ರ ಸಾಮಾನ್ಯವಾಗಿ ಮನೆಯವರ ಕೈಯಿಂದಲೇ ಹೋಗುತ್ತದೆ. ಅದೂ ಒಂದು ಸಲದ್ದಲ್ಲ, ಮೂರು ತಿಂಗಳಿಗೊಮ್ಮೆ.

ಎರಡನೇ ಬಾಗಿಲು ಆಪರೇಷನ್ ನಂತರದ ನಿಗಾ. ಇದು ಖಾಸಗಿ ಪ್ಯಾಕೇಜಾಗಿ ಬರುವ ಮುಂಚೆ ಕಿದ್ವಾಯಿಯ ಮೂಲಕ, ಒಂದು ಅಧ್ಯಯನವಾಗಿ, ರೋಗಿಯ ಜೇಬು ಮುಟ್ಟದೆ ಬರಬೇಕು. ಕಾರಣ ಸರಳ: ನಮ್ಮ ಜನರ ಅಂಕಿ ನಮ್ಮಲ್ಲಿಲ್ಲ. ಕಿದ್ವಾಯಿ ನಡೆಸುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ದಾಖಲಾತಿ 1982ರಿಂದ ಬೆಂಗಳೂರಿನ ಲೆಕ್ಕ ಇಡುತ್ತಿದೆ. ಕಡೂರಿನ ಕೆಮ್ಮು ಅದರಲ್ಲಿ ಇಲ್ಲ. ಬ್ರಿಟನ್ನಿನ ಧೂಮಪಾನಿಗಳ ರಕ್ತದಿಂದ ಬಂದ ಶೇಕಡವಾರು, ಹಂಡೆ ಒಲೆಯ ಮುಂದೆ ಕೂತ ಹೆಣ್ಣುಮಗಳಿಗೆ ಎಷ್ಟು ಒಪ್ಪುತ್ತದೆ ಎಂದು ನೋಡಬೇಕಾದವರು ನಾವೇ. ವಯಸ್ಸಾದಂತೆ ಬಿಳಿ ರಕ್ತಕಣಗಳಲ್ಲಿಯೂ ಕ್ಯಾನ್ಸರ್‌ನಂಥವೇ ಗುರುತುಗಳು ಹುಟ್ಟಿಕೊಂಡು ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ. ಬಿಳಿಕಣಗಳನ್ನೂ ಬೇರೆಯಾಗಿ ಓದಿ ತಾಳೆ ನೋಡುವ ಶಿಸ್ತು ಇದ್ದರೆ ಮಾತ್ರ ಪಾಸಿಟಿವ್ ಅನ್ನು ನಂಬಬಹುದು. ಅಗ್ಗದ ಪ್ಯಾಕೇಜಿನಲ್ಲಿ ಮೊದಲು ಬಿಟ್ಟುಹೋಗುವ ಹೆಜ್ಜೆ ಅದೇ.

ಅಂಥ ಅಧ್ಯಯನಕ್ಕೆ ಈ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ಮೇಲೆ ಕಡೂರು, ಬೀರೂರು, ಅಜ್ಜಂಪುರ ಮೂರೂ ಇವೆ. ಬೀರೂರಿನಿಂದ ಕವಲೊಡೆದ ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆ. ಸಾಮಾನ್ಯ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡದಿದ್ದರೆ ಬಿಳಿಕಣಗಳು ಒಡೆದು ತಮ್ಮ ಡಿಎನ್‌ಎಯನ್ನೆಲ್ಲ ಸುರಿದು ಬಿಡುತ್ತವೆ, ಗಡ್ಡೆಯ ಚೂರು ಅದರಲ್ಲಿ ಮುಳುಗಿ ಹೋಗುತ್ತದೆ. ಆದರೆ ಜೀವಕೋಶ ಒಡೆಯದಂತೆ ತಡೆಯುವ ದ್ರವ ಹಾಕಿದ ವಿಶೇಷ ಟ್ಯೂಬುಗಳಿವೆ. ಅವುಗಳಲ್ಲಿ ರಕ್ತ ಸಾಮಾನ್ಯ ಉಷ್ಣಾಂಶದಲ್ಲೇ ವಾರದವರೆಗೂ ಕೆಡದು. ಐಸ್ ಬೇಡ, ಫ್ರೀಜರಿನಲ್ಲಿ ಇಡಲೇಬಾರದು. ಎದೆ ಕೊಯ್ಸಿಕೊಂಡ ಮನುಷ್ಯ ಒಬ್ಬ ಮಗನನ್ನೋ ಅಳಿಯನನ್ನೋ ಜೊತೆಗೆ ಕಟ್ಟಿಕೊಂಡು, ಒಂದು ದಿನದ ಕೂಲಿ ಬಿಟ್ಟು, ರಾತ್ರಿ ಆಸ್ಪತ್ರೆ ಮುಂದೆ ಮಲಗಿ ಕೊಡಬೇಕಾದ ರಕ್ತವನ್ನು ಕಡೂರು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೇ ಕೊಟ್ಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಈ ಪರೀಕ್ಷೆಯಲ್ಲಿ ಹಳ್ಳಿಯವರಿಗೆ ನಿಜವಾಗಿ ಒದಗಿರುವ ವರ ಇದೊಂದೇ: ರೋಗಿಯ ಬದಲು ಟ್ಯೂಬು ಪ್ರಯಾಣ ಮಾಡುತ್ತದೆ.

ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಒಂದೇ ವರ್ಷದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ 200 ಡೇ ಕೇರ್ ಕ್ಯಾನ್ಸರ್ ಕೇಂದ್ರಗಳ ಮಾತಾಡಿತು. ಕೀಮೋ ಡ್ರಿಪ್ಪು ಜಿಲ್ಲೆಗೆ ಬರಬಹುದಾದರೆ, ಎರಡು ಟ್ಯೂಬು ರಕ್ತ ತೆಗೆದು ಕಳಿಸುವ ವ್ಯವಸ್ಥೆ ತಾಲ್ಲೂಕಿಗೆ ಬರುವುದು ದೊಡ್ಡ ಮಾತಲ್ಲ. ಬೇಕಾಗುವುದು ತರಬೇತಾದ ಒಬ್ಬ ಲ್ಯಾಬ್ ಟೆಕ್ನಿಷಿಯನ್. ಆಪರೇಷನ್ ಆಗಿ ನಾಲ್ಕು ವಾರ ಕಳೆದಿದೆಯೇ ಎಂದು ಆತ ಚೀಟಿ ನೋಡಿಕೊಳ್ಳಬೇಕು, ಏಕೆಂದರೆ ಗಾಯ ಹಸಿಯಾಗಿರುವಾಗ ಮೈಯದೇ ಡಿಎನ್‌ಎ ರಕ್ತದಲ್ಲಿ ತುಂಬಿರುತ್ತದೆ. ಟ್ಯೂಬು ತುಂಬಿದ ಮೇಲೆ ಕುಲುಕದೆ, ಒಳಗಿನ ದ್ರವ ಬೆರೆಯುವ ಹಾಗೆ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಹೆಸರು, ತಾರೀಖು, ಹೊತ್ತು ಬರೆದು ಪೆಟ್ಟಿಗೆಗೆ ಹಾಕಬೇಕು. ಜೊತೆಗೆ, ಮುಂದಿನ ಸಿಟಿ ಸ್ಕ್ಯಾನ್ ಯಾವತ್ತು ಎಂದು ರೋಗಿಯ ಕೈಗೆ ಅದೇ ಕೌಂಟರಿನಲ್ಲಿ ಬರೆದು ಕೊಡಬೇಕು.